ಆಟಿಕೆಯ ಬೆಲೆ, ಆಟದ ಮೌಲ್ಯ

ಜ್ಯೇಷ್ಠ ಮಾಸದ ಅಮಾವಾಸ್ಯೆಯನ್ನು ಉತ್ತರ ಕರ್ನಾಟಕದ ರೈತಾಪಿ ಜನ ಮಣ್ಣೆತ್ತಿನ ಅಮಾವಾಸ್ಯೆಯೆಂದು ಆಚರಿಸುತ್ತಾರೆ. ಶಹಾಪುರ ತಾಲ್ಲೂಕಿನ ವನದುರ್ಗದ ಸೀಮೆಯಲ್ಲಿ ಅದು ಮುಂಗಾರಿನ ಮೊದಲ ಮಳೆಗೆ ಎರೆಭೂಮಿ ಮೆತ್ತಗಾಗುವ ಕಾಲ. ಸುರಪುರದ ನಾಯಕರ ಕಾಲದ ಕೋಟೆಯನ್ನು ಇಂದಿಗೂ ಉಳಿಸಿಕೊಂಡಿರುವ ಈ ಊರಿನ ಸುತ್ತಮುತ್ತಲ ಮನೆಗಳಲ್ಲಿ ಹಿರಿಯರು ತಂದಿಟ್ಟ ಮಣ್ಣನ್ನು ಮಕ್ಕಳು ನಾದುತ್ತಾರೆ. ಒಂದು ಜೋಡಿ ಎತ್ತು ಮಾಡುತ್ತಾರೆ. ಕೋಡನ್ನು ಎಳೆದು, ಇಣಿಯನ್ನು ಎತ್ತರಿಸಿ, ಕಾಳನ್ನೊತ್ತಿ ಕಣ್ಣು ಮೂಡಿಸುತ್ತಾರೆ. ಒಂದರ ಕಾಲು ಗಿಡ್ಡವಾಗುತ್ತದೆ, ಇನ್ನೊಂದರ ಕೋಡು ಮುರಿದು ಬೀಳುತ್ತದೆ. ಮುರಿದುದನ್ನು ಮತ್ತೆ ಅಂಟಿಸುವುದಕ್ಕೆ ಬೊಗಸೆ ನೀರು ಸಾಕು. ಪೂಜೆ ಮುಗಿದ ಬಳಿಕ ಎತ್ತುಗಳು ನೀರಿಗೆ ಸೇರುತ್ತವೆ, ಮಣ್ಣು ಮಣ್ಣಾಗುತ್ತದೆ. ಇದಕ್ಕಾಗಿ ಯಾರೂ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಇಂದು ಇದೇ ಸೀಮೆಯ ಮನೆಗಳಿಗೆ ಬೇರೊಂದು ಬಗೆಯ ಆಟಿಕೆ ಬರುತ್ತಿದೆ. ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಯಿಂದಲೋ, ಮೊಬೈಲಿನಲ್ಲಿ ಬೇಡಿಕೆಯಿಟ್ಟು ಮನೆಬಾಗಿಲಿಗೆ ತರಿಸಿಕೊಂಡ ರಟ್ಟಿನ ಪೆಟ್ಟಿಗೆಯಿಂದಲೋ ಅದು ಹೊರಬೀಳುತ್ತದೆ. ಅಡುಗೆಮನೆಯ ಸೆಟ್ಟು, ಡಾಕ್ಟರ್ ಸೆಟ್ಟು, ಅಗ್ನಿಶಾಮಕ ಠಾಣೆ, ವಿಮಾನ ನಿಲ್ದಾಣ, ಗೊಂಬೆಯ ಅರಮನೆ ಎಂದು ಅದಕ್ಕೆ ಹಲವು ಹೆಸರು. ಬೆಲೆ ಹಲವು ಸಾವಿರ ರೂಪಾಯಿ. ಮೂರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಅಜ್ಜ ತರುತ್ತಾನೆ, ಸೋದರಮಾವ ತರುತ್ತಾನೆ, ದೂರದ ನಗರದಲ್ಲಿ ಉದ್ಯೋಗದಲ್ಲಿರುವ ತಂದೆ ತನ್ನ ಅನುಪಸ್ಥಿತಿಯ ಪರಿಹಾರವೆಂಬಂತೆ ಕಳುಹಿಸುತ್ತಾನೆ. ಕೊಡುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಪ್ರೀತಿಯಿಂದ ಕೊಂಡ ವಸ್ತುವೂ ವಿಮರ್ಶೆಗೆ ಹೊರತಲ್ಲ. ಈ ಬೆಲೆಗೆ ತಕ್ಕುದನ್ನು ಈ ಆಟಿಕೆ ಮಗುವಿಗೆ ಕೊಡುತ್ತದೆಯೇ ಎಂಬುದು ಗೃಹಸ್ಥನು ಕೇಳಿಕೊಳ್ಳಲೇಬೇಕಾದ ಪ್ರಶ್ನೆ.

ಮೊದಲು ವಸ್ತುವನ್ನೇ ನೋಡಬೇಕು. ಅಡುಗೆಮನೆಯ ಸೆಟ್ಟಿನಲ್ಲಿ ಒಲೆಯಿದೆ, ಗುಂಡಿಯೊತ್ತಿದರೆ ಕೆಂಪು ದೀಪ ಹೊತ್ತಿ ಕುದಿಯುವ ಸದ್ದು ಬರುತ್ತದೆ. ನಲ್ಲಿಯಿದೆ, ಪಾತ್ರೆಯಿದೆ, ಎರಡು ಹೋಳಾಗುವಂತೆ ಮೊದಲೇ ಕತ್ತರಿಸಿ ಅಂಟುಪಟ್ಟಿಯಿಂದ ಕೂಡಿಸಿದ ತರಕಾರಿಯಿದೆ. ಕ್ಯಾರೆಟ್ಟು ಕ್ಯಾರೆಟ್ಟೇ, ಅದು ನಾಳೆ ಬೇರೇನೂ ಆಗಲಾರದು. ಒಲೆಯ ಸದ್ದನ್ನು ಒಲೆಯೇ ಮಾಡುವುದರಿಂದ ಮಗುವಿನ ಬಾಯಿಗೆ ಕೆಲಸವಿಲ್ಲ. ಇಟ್ಟಿಗೆ ಚೂರನ್ನು ಒಲೆಯೆಂದು, ತೆಂಗಿನ ಕರಟವನ್ನು ಗಡಿಗೆಯೆಂದು, ಬೇವಿನ ಎಲೆಯನ್ನು ಪಲ್ಯವೆಂದು ಬಗೆದು ಆಡುವ ಮಗು ಮಾಡಬೇಕಾದ ಮಾನಸಿಕ ಕಾರ್ಯವೆಲ್ಲವನ್ನೂ ಇಲ್ಲಿ ಕಾರ್ಖಾನೆಯ ವಿನ್ಯಾಸಕಾರ ಮಾಡಿ ಮುಗಿಸಿದ್ದಾನೆ. ಮಗುವಿಗೆ ಉಳಿದಿರುವುದು ಗುಂಡಿಯೊತ್ತುವ ಕೆಲಸ ಮಾತ್ರ. ಮೊದಲ ದಿನದ ಬೆರಗು ವಾರದೊಳಗೆ ಬೇಸರವಾಗುವುದಕ್ಕೆ ಮಗುವಿನ ಚಂಚಲತೆಯನ್ನು ದೂರುವುದು ಅನ್ಯಾಯ. ಮುಗಿದ ಆಟವನ್ನು ಮಗು ಮುಗಿಯಿತೆಂದು ಗುರುತಿಸಿದೆ, ಅಷ್ಟೆ.

ಈ ಆಕ್ಷೇಪ ಹೊಸದಲ್ಲ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ‘ಮಿಥಾಲಜೀಸ್’ ಗ್ರಂಥದಲ್ಲಿ ಆಟಿಕೆಗಳನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಸೇರಿಸಿದ್ದಾನೆ. ದೊಡ್ಡವರ ಲೋಕವನ್ನೇ ಗಿಡ್ಡದಾಗಿಸಿ ಕೊಡುವ ಆಟಿಕೆಗಳು ಮಗುವನ್ನು ವಸ್ತುಗಳ ಒಡೆಯನನ್ನಾಗಿ, ಬಳಕೆದಾರನನ್ನಾಗಿ ತಯಾರು ಮಾಡುತ್ತವೆ, ಸೃಷ್ಟಿಕರ್ತನನ್ನಾಗಿ ಅಲ್ಲ ಎಂಬುದು ಅವನ ಮುಖ್ಯ ವಾದ. ಕಟ್ಟುವ ತುಂಡುಗಳ ಸರಳವಾದೊಂದು ಜೊತೆಯೂ ಇದಕ್ಕಿಂತ ಬೇರೆಯಾದ ಲೋಕವನ್ನು ತೆರೆಯುತ್ತದೆಂದು ಅವನು ಒಪ್ಪುತ್ತಾನೆ. ಮರದ ಆಟಿಕೆಗಳು ಮರೆಯಾಗಿ ಪ್ಲಾಸ್ಟಿಕ್ಕಿನವು ಬರುತ್ತಿದ್ದುದನ್ನು ಕಂಡು ಅವನು ವಿಷಾದಿಸಿದ. ಅವನ ವಾದದ ಮೊದಲ ಭಾಗಕ್ಕೆ ಇಂದಿಗೂ ಬಲವಿದೆ. ಎರಡನೆಯ ಭಾಗವನ್ನು, ಅಂದರೆ ಮರವೆಂದರೆ ಶುದ್ಧ, ಪ್ಲಾಸ್ಟಿಕ್ಕೆಂದರೆ ಅಶುದ್ಧ ಎಂಬ ಭಾವವನ್ನು, ಜೈನ ಓದುಗರು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಾಗದು. ಅದನ್ನು ಮುಂದೆ ಪರಿಶೀಲಿಸಬೇಕಾಗುತ್ತದೆ.

ಬಾರ್ತನದು ಒಬ್ಬ ಚಿಂತಕನ ಒಳನೋಟ. ಇತ್ತೀಚಿನ ವರ್ಷಗಳಲ್ಲಿ ಇದೇ ವಿಷಯವನ್ನು ಪರೀಕ್ಷೆಗೊಡ್ಡಿದ ಸಂಶೋಧನೆಗಳೂ ಬಂದಿವೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯದ ಸಂಶೋಧಕರು 18ರಿಂದ 30 ತಿಂಗಳ ವಯಸ್ಸಿನ 36 ಮಕ್ಕಳನ್ನು ಎರಡು ಬಾರಿ, ಒಮ್ಮೆ 4 ಆಟಿಕೆಗಳ ನಡುವೆಯೂ ಮತ್ತೊಮ್ಮೆ 16 ಆಟಿಕೆಗಳ ನಡುವೆಯೂ, ಆಡಲು ಬಿಟ್ಟು ಗಮನಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನಾಲ್ಕೇ ಆಟಿಕೆಗಳಿದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ನಿಂತರು, ಒಂದನ್ನೇ ಹೆಚ್ಚು ಬಗೆಯಲ್ಲಿ ಆಡಿದರು. ಉತ್ತರ ಅರಿಜೋನಾ ವಿಶ್ವವಿದ್ಯಾನಿಲಯದ ಆನ್ನಾ ಸೋಸಾ 2015ರ ಡಿಸೆಂಬರಿನಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 10ರಿಂದ 16 ತಿಂಗಳ 26 ಕೂಸುಗಳೂ ಅವರ ಪಾಲಕರೂ ಭಾಗವಹಿಸಿದ್ದರು. ಸದ್ದು, ದೀಪ, ಮಾತು ಹೊರಡಿಸುವ ಬ್ಯಾಟರಿ ಆಟಿಕೆಗಳೊಂದಿಗೆ ಆಡುವಾಗ ಪಾಲಕರು ಕಡಿಮೆ ಮಾತಾಡಿದರು. ಕೂಸಿನ ತೊದಲಿಗೆ ಅವರ ಓಗೊಡುವಿಕೆಯೂ ಕಡಿಮೆಯಾಯಿತು. ಸಾಮಾನ್ಯ ಕಟ್ಟಿಗೆ-ರಬ್ಬರಿನ ಆಟಿಕೆಗಳಿದ್ದಾಗ ಮಾತು ಹೆಚ್ಚಿತು, ಪುಸ್ತಕವಿದ್ದಾಗ ಎಲ್ಲಕ್ಕಿಂತ ಹೆಚ್ಚಿತು. ಇವು ಚಿಕ್ಕ ಅಧ್ಯಯನಗಳು. ಇವುಗಳಿಂದ ಸಿದ್ಧಾಂತ ಕಟ್ಟುವುದು ಅವಸರವಾದೀತು. ಆದರೂ ಆಟಿಕೆ ಮಾತಾಡತೊಡಗಿದಾಗ ತಾಯಿ ಮೌನವಾಗುತ್ತಾಳೆಂಬ ಅಂಶ ಯಾವ ಮನೆಯವರಾದರೂ ತಮ್ಮ ನಡುಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದಾದುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2018ರ ಡಿಸೆಂಬರಿನ ತನ್ನ ವರದಿಯಲ್ಲಿ, ಎಳೆಯ ಮಕ್ಕಳ ಆಟಿಕೆ ದುಬಾರಿಯದೂ ಅಬ್ಬರದ್ದೂ ಆಗಬೇಕಾಗಿಲ್ಲ, ಪಾಲಕರೊಡನೆ ಮಾತುಕತೆಗೆ ಎಡೆಗೊಡುವ ಸರಳ ಆಟಿಕೆಯೇ ಹಿತವೆಂಬ ಅಭಿಪ್ರಾಯವನ್ನೇ ಕೊಟ್ಟಿತು.

ಹಾಗಾದರೆ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ? ಸಿನಿಮಾದ ಪಾತ್ರವೊಂದರ ಹೆಸರನ್ನು ಹಚ್ಚಿಕೊಳ್ಳುವ ಹಕ್ಕಿಗೆ ಒಂದು ಪಾಲು, ಜಾಹೀರಾತಿಗೆ ಒಂದು ಪಾಲು, ಆಟಿಕೆಗಿಂತ ದೊಡ್ಡದಾದ ಪೆಟ್ಟಿಗೆಗೆ ಒಂದು ಪಾಲು. ಹೊರದೇಶದಿಂದ ಬಂದುದಾದರೆ ಸುಂಕದ ಪಾಲೂ ಉಂಟು. ಆಟಿಕೆಗಳ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ ಶೇಕಡಾ 70ಕ್ಕೂ ಏರಿಸಿತು. ಬೆಲೆ ಮೂರು ಪಟ್ಟಾದರೆ ಆಟ ಮೂರು ಪಟ್ಟಾಗುವುದಿಲ್ಲ. ಬೆಲೆಯೆಂಬುದು ದೊಡ್ಡವರ ಲೋಕದ ಲೆಕ್ಕ, ಮಗುವಿಗೆ ಅದರ ಪರಿಚಯವಿಲ್ಲ. ಪೆಟ್ಟಿಗೆಯೊಳಗಿನ ಅರಮನೆಯನ್ನು ಬದಿಗೊತ್ತಿ ಖಾಲಿ ಪೆಟ್ಟಿಗೆಯೊಳಗೆ ತಾನೇ ಹೊಕ್ಕು ಕುಳಿತ ಮಗುವನ್ನು ಕಾಣದ ಮನೆ ಅಪರೂಪ.

ಆಟಿಕೆಯ ಸಾರ ಎಲ್ಲಿದೆ ಎಂಬ ಪ್ರಶ್ನೆಗೆ ಕನ್ನಡದ ಜೈನ ಸಾಹಿತ್ಯದಲ್ಲೇ ಒಂದು ಗಂಭೀರ ಉತ್ತರವಿದೆ. ವಾದಿರಾಜನ ಸಂಸ್ಕೃತ ಕೃತಿಯನ್ನು ಅನುಸರಿಸಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕೇಂದ್ರದಲ್ಲಿರುವುದು ಒಂದು ಗೊಂಬೆ. ಯಶೋಧರ ಮಹಾರಾಜನು ಜೀವವಧೆಗೆ ಒಪ್ಪುವುದಿಲ್ಲ; ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಗೊಡುತ್ತಾನೆ. ಹಿಟ್ಟಿನ ಕೋಳಿಯಲ್ಲಿ ರಕ್ತವಿಲ್ಲ, ಪ್ರಾಣವಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬವಣೆಪಡುತ್ತಾರೆ. ವಸ್ತು ಹಿಟ್ಟಾದರೇನು, ಅದರಲ್ಲಿ ತೊಡಗಿದ ಮನಸ್ಸು ನಿಜವಾದುದು ಎಂಬುದು ಕಾವ್ಯದ ನಿಲುವು.

ಈ ತತ್ತ್ವವನ್ನು ಸಾಮಾನ್ಯವಾಗಿ ಹಿಂಸೆಯ ಎಚ್ಚರಿಕೆಯಾಗಿ ಮಾತ್ರ ಓದಲಾಗುತ್ತದೆ. ಅದನ್ನು ತಿರುಗಿಸಿ ಓದುವುದಕ್ಕೂ ಅವಕಾಶವುಂಟು. ಹಿಟ್ಟಿನ ಕೋಳಿಯನ್ನು ಕತ್ತರಿಸಿದ ಭಾವ ನಿಜವಾದರೆ, ಬಟ್ಟೆಯ ಗೊಂಬೆಗೆ ಗುಟುಕು ನೀರು ಕುಡಿಸಿದ ಭಾವವೂ ನಿಜವೇ. ಮಣ್ಣೆತ್ತಿನ ಮುಂದೆ ಹುಲ್ಲು ಹಿಡಿದು ನಿಂತ ಮಗುವಿನಲ್ಲಿ ಕರುಣೆ ಅಭ್ಯಾಸವಾಗುತ್ತಿದೆ. ಮಗುವಿನ ಆಟ ವಯಸ್ಕನ ಸಂಕಲ್ಪದಂತೆ ಕರ್ಮದ ಲೆಕ್ಕಕ್ಕೆ ಸಿಕ್ಕುವಂಥದಲ್ಲವೆಂದು ವಾದಿಸಬಹುದು. ಆದರೆ ಮುಂದಿನ ಸಂಕಲ್ಪಗಳ ಹದ ಸಿದ್ಧವಾಗುವುದು ಅಲ್ಲಿಯೇ. ಆದ್ದರಿಂದ ಆಟಿಕೆಯ ಮೌಲ್ಯಮಾಪನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದು ಮಗುವಿನ ಭಾವಕ್ಕೆ ಎಷ್ಟು ಎಡೆ ಬಿಟ್ಟಿದೆ ಎಂಬುದು. ಗುರಿಯಿಟ್ಟು ಹೊಡೆಯುವುದಕ್ಕಷ್ಟೇ ಬರುವ ಬಂದೂಕಿನ ಸೆಟ್ಟು ಒಂದೇ ಭಾವವನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಎಲ್ಲ ಸದ್ದನ್ನೂ ತಾನೇ ಮಾಡುವ ಅಡುಗೆ ಸೆಟ್ಟು ಭಾವಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಮೊದಲನೆಯದರ ದೋಷವನ್ನು ಶ್ರಾವಕ ಕುಟುಂಬಗಳು ಬೇಗ ಗುರುತಿಸುತ್ತವೆ, ಎರಡನೆಯದರ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದು ಸುಲಭವಾದ ತೀರ್ಮಾನ ಎದುರು ನಿಲ್ಲುತ್ತದೆ: ಪ್ಲಾಸ್ಟಿಕ್ಕನ್ನು ಬಿಟ್ಟು ಮರದ ಆಟಿಕೆಯನ್ನು ಕೊಂಡರೆ ಎಲ್ಲವೂ ಸರಿಹೋಯಿತೆಂಬುದು. ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲೆ ಕನ್ನಡ ನಾಡಿನ ಹೆಮ್ಮೆ. ಅವನ್ನು ನಂಬಿ ಬದುಕುವ ಕುಶಲಕರ್ಮಿಗಳ ಕೈಯನ್ನು ಬಲಪಡಿಸುವುದು ಒಳ್ಳೆಯದೇ. ಆದರೆ ಅಹಿಂಸೆಯ ಹೆಸರಿನಲ್ಲಿ ಅವನ್ನು ಕೊಳ್ಳುವವರು ಒಂದು ವಿಷಯವನ್ನು ಅರಿತಿರಬೇಕು. ಚನ್ನಪಟ್ಟಣದ ಆಟಿಕೆ ತಿರುಗಣಿಯ ಮೇಲೆ ಹೊಳಪು ಪಡೆಯುವುದು ಅರಗಿನಿಂದ. ಅರಗು ಕೀಟವೊಂದರ ಸ್ರಾವ. ಕೀಟಗಳು ಮುತ್ತಿದ ಕೊಂಬೆಯನ್ನು ಕಡಿದು, ಕೆರೆದು ಅದನ್ನು ಸಂಗ್ರಹಿಸುವಾಗ ಅಸಂಖ್ಯ ಜೀವಗಳು ನಾಶವಾಗುತ್ತವೆ. ಶ್ರಾವಕರಿಗೆ ವರ್ಜ್ಯವೆಂದು ಆಚಾರ್ಯರು ಎಣಿಸಿದ 15 ವ್ಯವಹಾರಗಳಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರವೂ ಸೇರಿರುವುದು ಈ ಕಾರಣದಿಂದಲೇ. ಮರ ಕಡಿಯದೆ ಮರದ ಆಟಿಕೆಯಿಲ್ಲ. ಮಣ್ಣೂ ನಿರ್ದೋಷವಲ್ಲ, ಪೃಥ್ವೀಕಾಯ ಜೀವಗಳ ಮಾತನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ನಿಷ್ಪ್ರಯೋಜಕವಾಗಿ ನೆಲ ಅಗೆಯುವುದನ್ನೂ ಸಸ್ಯ ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕಿನ ದೋಷ ಬೇರೆ ಬಗೆಯದು. ಒಂದು ಬಾಲ್ಯದ ನಾಲ್ಕು ತಿಂಗಳಿಗಾಗಿ ತಯಾರಾದುದು ಹಲವು ತಲೆಮಾರುಗಳವರೆಗೆ ತಿಪ್ಪೆಯಲ್ಲಿ, ಚರಂಡಿಯಲ್ಲಿ, ಎರೆಹೊಲದ ಬದುವಿನಲ್ಲಿ ಕರಗದೆ ಉಳಿಯುತ್ತದೆ. ಸುಟ್ಟರೆ ಹೊಗೆ, ಬಿಟ್ಟರೆ ಕಸ.

ಯಾವ ದ್ರವ್ಯವೂ ಪೂರ್ಣ ನಿರ್ದೋಷವಲ್ಲವಾದ ಮೇಲೆ ಗೃಹಸ್ಥನ ವಿವೇಕ ಬೇರೊಂದು ಅಳತೆಗೋಲನ್ನು ಹುಡುಕಬೇಕಾಗುತ್ತದೆ. ಎಷ್ಟು ಕೊಂಡದ್ದು, ಎಷ್ಟು ಕಾಲ ಬಾಳಿತು, ಎಷ್ಟು ಮಕ್ಕಳ ಕೈ ಕಂಡಿತು ಎಂಬ ಮೂರು ಪ್ರಶ್ನೆಗಳೇ ಆ ಅಳತೆಗೋಲು. ಈ ಅಳತೆಗೆ ಹಚ್ಚಿದರೆ ದುಬಾರಿ ಪ್ಲಾಸ್ಟಿಕ್ಕಿನಲ್ಲೂ ಒಂದು ವರ್ಗ ಗೌರವದಿಂದ ಉತ್ತೀರ್ಣವಾಗುತ್ತದೆ. ಡೆನ್ಮಾರ್ಕಿನ ಲೆಗೊ ಸಂಸ್ಥೆ ತನ್ನ ಕಟ್ಟುವ ಇಟ್ಟಿಗೆಗೆ ಹಕ್ಕುಪತ್ರ ಕೋರಿದ್ದು 1958ರ ಜನವರಿಯಲ್ಲಿ. ಅಂದಿನ ವಿನ್ಯಾಸದ ಇಟ್ಟಿಗೆ ಇಂದಿನ ಇಟ್ಟಿಗೆಗೆ ಕೂಡಿಕೊಳ್ಳುತ್ತದೆ. ಅಜ್ಜ ಕಟ್ಟಿದ್ದನ್ನು ಮೊಮ್ಮಗ ಬಿಚ್ಚಿ ಬೇರೊಂದನ್ನು ಕಟ್ಟಬಹುದು; ಇಂದಿನ ಕೋಟೆ ನಾಳೆ ದನದ ಕೊಟ್ಟಿಗೆಯಾಗುತ್ತದೆ. ಕಟ್ಟುವ ತುಂಡುಗಳು ಯಾವ ಕಂಪನಿಯವಾದರೂ ಇದೇ ಗುಣವುಳ್ಳವು. ವಿಪರ್ಯಾಸವೆಂದರೆ ಇಂಥ ಇಟ್ಟಿಗೆಗಳೂ ಈಗ ಚಿತ್ರದಲ್ಲಿ ತೋರಿಸಿದ ಒಂದೇ ಹಡಗನ್ನು ಕಟ್ಟುವ ಸೆಟ್ಟಾಗಿ ಮಾರಾಟವಾಗುತ್ತಿವೆ. ಕಟ್ಟಿ ಮುಗಿಸಿ ಗಾಜಿನ ಕಪಾಟಿನಲ್ಲಿಟ್ಟ ಹಡಗು ಆಟಿಕೆಯ ಪದವಿಯನ್ನು ಕಳೆದುಕೊಂಡು ಅಲಂಕಾರದ ವಸ್ತುವಾಗುತ್ತದೆ.

ಗಾಜಿನ ಕಪಾಟಿನಿಂದಲೇ ಈ ವಿಷಯದ ಅತ್ಯಂತ ಗಂಭೀರವಾದ ಭಾಗ ಆರಂಭವಾಗುತ್ತದೆ. ಐದು ಸಾವಿರ ಕೊಟ್ಟು ತಂದ ಸೆಟ್ಟಿನ ಸುತ್ತ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟುತ್ತದೆ. ‘ಹಂಗ ಒಗಿಬ್ಯಾಡ ತಮ್ಮಾ, ಮುರೀತದ.’ ‘ಬಾಜೂ ಮನಿ ಹುಡುಗರ ಕೈಗೆ ಕೊಡಬ್ಯಾಡವಾ, ಹಾಳ ಮಾಡ್ತಾರ.’ ಹೀಗೆ ಎಚ್ಚರಿಸುವ ಅವ್ವನಲ್ಲಿ ದುಷ್ಟತನವಿಲ್ಲ, ಕಷ್ಟದಿಂದ ಗಳಿಸಿದ ಹಣದ ಕಳವಳವಿದೆ. ಆದರೆ ಮಗು ಕಲಿಯುವುದು ಕಳವಳವನ್ನೇ. ಆಡಲೆಂದು ತಂದ ವಸ್ತುವಿಗೆ ಮಗು ಕಾವಲುಗಾರನಾಗುತ್ತದೆ. ಓಣಿಯ ಮಕ್ಕಳಲ್ಲಿ ಮುಟ್ಟಬಹುದಾದವರು, ಮುಟ್ಟಬಾರದವರು ಎಂಬ ಭೇದ ಕಾಣಿಸಿಕೊಳ್ಳುತ್ತದೆ; ಎದುರಿಗೆ ಕುಳಿತು ನೋಡುವ ಬಡವರ ಮಗು ತನ್ನ ಮನೆಯಲ್ಲಿ ಅಪ್ಪನ ಮುಂದೆ ಹಟ ಹಿಡಿಯುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಿಂದ ಅಳೆಯದೆ ವಸ್ತುವಿನ ಮೇಲಿನ ಮೂರ್ಛೆಯಿಂದ, ಮಮಕಾರದಿಂದ ಅಳೆಯುತ್ತದೆ. ಮೂರು ವರ್ಷದ ಮಗುವಿಗೆ ಮೂರ್ಛೆ ಸಹಜವಾಗಿ ಇರುವುದೇ; ‘ನಂದು, ನಂದು’ ಎಂದು ಕಿತ್ತಾಡದ ಮಗುವಿಲ್ಲ. ಅದನ್ನು ತಿದ್ದಬೇಕಾದ ಹಿರಿಯರೇ ಬೆಲೆಯ ನೆಪದಲ್ಲಿ ಅದನ್ನು ಗಟ್ಟಿಗೊಳಿಸಿದರೆ, ಮುಂದೆ ಪಾಠಶಾಲೆಯಲ್ಲಿ ಅಪರಿಗ್ರಹದ ಪಾಠವನ್ನು ಎಷ್ಟು ಸಲ ಒಪ್ಪಿಸಿದರೂ ಅದು ನಾಲಗೆಯ ಮೇಲಷ್ಟೇ ಉಳಿಯುತ್ತದೆ. ಮಣ್ಣೆತ್ತು ಮುರಿದಾಗ ಯಾರೂ ಗದರುವುದಿಲ್ಲ. ಅದರ ಬೆಲೆಯಿಲ್ಲದಿರುವಿಕೆಯೇ ಅದರ ಮೌಲ್ಯದ ಒಂದು ಭಾಗ.

ಪರಿಗ್ರಹ ಪರಿಮಾಣ ವ್ರತವನ್ನು ಹೊಲ, ಮನೆ, ಬಂಗಾರ, ಧಾನ್ಯಗಳಿಗೆ ಅನ್ವಯಿಸುವ ಶ್ರಾವಕರು ಮಕ್ಕಳ ಆಟಿಕೆಯ ಬುಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನೂ ಹಿಡಿಯುವುದು ಉಚಿತ. ಮಗುವಿನ ಕೈಗೆ ಒಂದು ಹೊತ್ತಿಗೆ ನಾಲ್ಕೈದು ಆಟಿಕೆ ಸಾಕು. ಉಳಿದವನ್ನು ಎತ್ತಿಟ್ಟು ತಿಂಗಳಿಗೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ. ಹೊಸದೊಂದು ಬರುವ ದಿನ ಹಳೆಯದೊಂದನ್ನು ಮಗುವಿನ ಕೈಯಿಂದಲೇ ಇನ್ನೊಂದು ಮಗುವಿಗೆ ಕೊಡಿಸುವ ರೂಢಿ ದಾನದ ಮೊದಲ ಪಾಠವಾಗುತ್ತದೆ. ಕೊಡುವುದು ಮುರಿದುದಾಗಿರಬಾರದು, ಬೇಡವಾದುದನ್ನು ಹೊರಹಾಕುವುದಕ್ಕೂ ದಾನಕ್ಕೂ ಇರುವ ಅಂತರವನ್ನು ಮಗು ಬೇಗ ಗ್ರಹಿಸುತ್ತದೆ.

ದುಬಾರಿಯದು ಬೇಡವೆಂದರೆ ಜಾತ್ರೆಯ ಹತ್ತು ರೂಪಾಯಿಯ ಪ್ಲಾಸ್ಟಿಕ್ಕೇ ಸರಿಯೆಂದು ಅರ್ಥವಲ್ಲ. ಭಾರತ ಸರ್ಕಾರದ 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯಗೊಳಿಸಿತು. ನೋಂದಾಯಿತ ಕುಶಲಕರ್ಮಿಗಳ ಕೈಕಸುಬಿನ ಆಟಿಕೆಗಳಿಗೆ ವಿನಾಯಿತಿ ದೊರೆಯಿತು. ಕಾರ್ಖಾನೆಯ ಆಟಿಕೆಯನ್ನು ಕೊಳ್ಳುವುದಾದರೆ ಈ ಮುದ್ರೆಯನ್ನು ನೋಡಿ ಕೊಳ್ಳಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕ ಬಿಡಿಭಾಗಗಳಿರುವುದನ್ನು ಕೊಡಬಾರದು. ಗುಂಡಿಯಂತಹ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗುವ ಅಪಾಯವಿದೆ. ಬ್ಯಾಟರಿಯ ಬಾಯಿಗೆ ತಿರುಪು ಇಲ್ಲದ ಆಟಿಕೆ ಎಷ್ಟು ಅಗ್ಗವಾದರೂ ಮನೆಗೆ ಬೇಡ. ಏನನ್ನೂ ಕೊಳ್ಳದೆ ಆಟಿಕೆ ಮಾಡುವ ದಾರಿಯೂ ಮುಚ್ಚಿಲ್ಲ. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವಿನ ಕೊಳವೆ, ಹಳೆಯ ಪತ್ರಿಕೆಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸುವುದರಲ್ಲೇ ದಶಕಗಳನ್ನು ಕಳೆದರು; 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಜೋಳದ ದಂಟಿನಿಂದ ಬಂಡಿ ಕಟ್ಟುತ್ತಿದ್ದ ಈ ಸೀಮೆಯ ಅಜ್ಜಂದಿರಿಗೆ ಆ ವಿದ್ಯೆ ಅಪರಿಚಿತವಾದುದೇನಲ್ಲ.

ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಮಾಡಬಹುದಾದ ಕಾರ್ಯವಿದೆ. ಮಹಾವೀರ ಜಯಂತಿಯ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳಿಗೆ ಹೊಳೆಯುವ ಕಾಗದ ಸುತ್ತಿದ ಪ್ಲಾಸ್ಟಿಕ್ ಸೆಟ್ಟನ್ನು ಬಹುಮಾನವಾಗಿ ಕೊಡುವಲ್ಲಿ ದಾತೃವಿನ ಹೆಸರು ದೊಡ್ಡದಾಗಿ ಕಾಣಬಹುದು. ವೇದಿಕೆಯ ಮೇಲೆ ಸಾರಿದ ಅಪರಿಗ್ರಹ ಅದರಿಂದ ಸಣ್ಣದಾಗುತ್ತದೆ. ಅದೇ ಹಣದಲ್ಲಿ ಪಾಠಶಾಲೆಯ ಮೂಲೆಯೊಂದರಲ್ಲಿ ಆಟಿಕೆಗಳ ಭಂಡಾರವೊಂದನ್ನು ತೆರೆಯಬಹುದು. ಕಟ್ಟುವ ತುಂಡುಗಳ ಒಂದು ಒಳ್ಳೆಯ ಸೆಟ್ಟು ಒಂದು ಮನೆಗೆ ದುಬಾರಿಯಾದರೂ ಮೂವತ್ತು ಮನೆಗಳಿಗೆ ಅಗ್ಗ. ಪುಸ್ತಕದಂತೆ ಒಯ್ದು, ಆಡಿ, ಒರೆಸಿ, ಎಣಿಸಿ ಹಿಂದಿರುಗಿಸುವ ಮಗು ಒಡೆತನವಿಲ್ಲದೆಯೂ ಆನಂದವುಂಟೆಂಬುದನ್ನು ಉಪದೇಶವಿಲ್ಲದೆ ಕಲಿಯುತ್ತದೆ. ಇಂಥ ವಿಚಾರ ಪರಂಪರೆಗೆ ಹೊಸದೂ ಅಲ್ಲ. ಹಾವು-ಏಣಿಯ ಆಟಕ್ಕೆ ‘ಜ್ಞಾನಬಾಜಿ’ಯೆಂಬ ಜೈನ ರೂಪವೊಂದಿತ್ತು, 84 ಮನೆಗಳ ಪಟದ ಮೇಲೆ ಸದ್ಗುಣದ ಏಣಿಗಳನ್ನು ಏರುತ್ತ, ದೋಷದ ಹಾವುಗಳ ಬಾಯಿಗೆ ಬಿದ್ದು ಇಳಿಯುತ್ತ ಆಡುವ ಆಟವದು. ಒಂದು ಪಟ, ಕೆಲವು ಕಾಯಿ, ಸುತ್ತ ಕುಳಿತ ಮನೆಮಂದಿ: ಅದರ ಸಾಮಗ್ರಿ ಇಷ್ಟೇ.

ಒಟ್ಟಿನಲ್ಲಿ, ದುಬಾರಿ ಪ್ಲಾಸ್ಟಿಕ್ ಸೆಟ್ಟುಗಳಲ್ಲಿ ಹೆಚ್ಚಿನವು ಎಳೆಯ ಮಕ್ಕಳಿಗೆ ಕೊಳ್ಳಲು ಯೋಗ್ಯವಲ್ಲ. ಅವು ಪ್ಲಾಸ್ಟಿಕ್ಕಿನವೆಂಬುದು ಅದಕ್ಕೆ ಎರಡನೆಯ ಕಾರಣ; ಅವು ಮಗುವಿನ ಕೆಲಸವನ್ನು ಕಸಿದುಕೊಂಡು ಅದರ ಜಾಗದಲ್ಲಿ ಒಡೆತನವನ್ನು ಕೊಡುತ್ತವೆಂಬುದು ಮೊದಲನೆಯದು. ಬಿಚ್ಚಿ ಕಟ್ಟಬಹುದಾದ, ತಲೆಮಾರು ಬಾಳುವ, ಹಲವರು ಹಂಚಿಕೊಳ್ಳುವ ಒಂದು ಸೆಟ್ಟು ಮಾತ್ರ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳಬಲ್ಲುದು. ಕೊಂಡುತಂದ ಮೇಲೆ ಅದನ್ನು ಮುರಿಯುವ ಸ್ವಾತಂತ್ರ್ಯವನ್ನೂ ಮಗುವಿಗೆ ಕೊಡಲು ಹಿರಿಯರು ಸಿದ್ಧರಿರಬೇಕು. ಸಿದ್ಧರಿಲ್ಲವಾದರೆ ಕೊಳ್ಳದಿರುವುದೇ ಲೇಸು.

ಮುಂದಿನ ಜ್ಯೇಷ್ಠದ ಅಮಾವಾಸ್ಯೆಗೆ ಎರೆಮಣ್ಣು ಮತ್ತೆ ಹದವಾಗುತ್ತದೆ. ವನದುರ್ಗದ ಯಾವುದೋ ಕಟ್ಟೆಯ ಮೇಲೆ ಮಗುವೊಂದು ತಾನು ಮಾಡಿದ ಎತ್ತಿಗೆ ಹೆಸರಿಟ್ಟು, ಮೇಯಿಸಿ, ಮರುದಿನ ಅದನ್ನು ನೀರಿಗೆ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತದೆ. ಅಷ್ಟು ಪ್ರೀತಿಸಿ ಅಷ್ಟು ಹಗುರವಾಗಿ ಬಿಟ್ಟುಬರುವುದನ್ನು ಕಲಿಸುವ ಆಟಿಕೆಗೆ ಬೆಲೆಯ ಚೀಟಿ ಅಂಟಿಸುವುದು ಯಾವ ಅಂಗಡಿಗೂ ಸಾಧ್ಯವಾಗಿಲ್ಲ.